ಹಾಡಿನ ಒಡೆತನ ಕೇಳಿದ ಗಾಯಕ ಸ್ಯಾಮ್ ಕುಕ್

ಗಾಯಕನೊಬ್ಬ ಹಾಡಿದ ಹಾಡು ಯಾರ ಸ್ವತ್ತು? ಬರೆದವನದೇ, ಹಾಡಿದವನದೇ ಅಥವಾ ಗ್ರಾಮಫೋನ್ ತಟ್ಟೆಯಲ್ಲಿ ಅಚ್ಚೊತ್ತಿ ಮಾರಿದ ಕಂಪೆನಿಯದೇ? ಐವತ್ತರ ದಶಕದ ಅಮೆರಿಕದಲ್ಲಿ ಕಪ್ಪು ವರ್ಣೀಯ ಗಾಯಕರು ಈ ಪ್ರಶ್ನೆ ಎತ್ತುವುದೇ ಅಪರೂಪವಾಗಿತ್ತು. ಸ್ಟುಡಿಯೊಗೆ ಬಂದು ಹಾಡುವುದು, ತೋರಿಸಿದ ಕಡೆ ಸಹಿ ಹಾಕುವುದು, ಕೊಟ್ಟಷ್ಟು ಹಣ ಪಡೆದು ಮನೆಗೆ ಹೋಗುವುದು ರೂಢಿ. ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಅದರ ಲೆಕ್ಕ ಕಂಪೆನಿಯ ಪುಸ್ತಕದೊಳಗೇ ಉಳಿಯುತ್ತಿತ್ತು.

ಆ ರೂಢಿಯನ್ನು ಮುರಿಯಲು ಹೊರಟವರ ಮೊದಲ ಸಾಲಿನಲ್ಲಿ ನಿಲ್ಲುವವನು ಸ್ಯಾಮ್ ಕುಕ್. ‘ಸೋಲ್’ ಸಂಗೀತದ ಜನಕರಲ್ಲಿ ಒಬ್ಬನೆಂದು ಇಂದಿಗೂ ಆತನನ್ನು ಸ್ಮರಿಸಲಾಗುತ್ತದೆ. ಬದುಕಿದ್ದು 33 ವರ್ಷ. ಪಾಪ್ ಸಂಗೀತದಲ್ಲಿ ಬೆಳಗಿದ್ದು ಏಳೇ ವರ್ಷ. ಅಷ್ಟು ಅಲ್ಪಾವಧಿಯಲ್ಲಿ ಆತ ತನ್ನದೇ ಪ್ರಕಾಶನ ಸಂಸ್ಥೆಯನ್ನೂ ತನ್ನದೇ ರೆಕಾರ್ಡ್ ಕಂಪೆನಿಯನ್ನೂ ಕಟ್ಟಿದ. ಹೀಗಿದ್ದೂ ಆತನ ಹಾಡುಗಳ ಬಹುಪಾಲು ಒಡೆತನ ಕೊನೆಗೆ ಸೇರಿದ್ದು ಆತನ ಲೆಕ್ಕಪತ್ರ ನೋಡಿಕೊಳ್ಳಲು ಬಂದ ವ್ಯಕ್ತಿಯ ಕೈಗೆ. ಕುಕ್‌ನ ಜೀವನದ ಕಥೆ ಈ ವೈರುಧ್ಯದ ಕಥೆಯೂ ಹೌದು.

ಪಾದ್ರಿಯ ಮಗ

ಕುಕ್ ಜನಿಸಿದ್ದು 1931ರ ಜನವರಿ 22ರಂದು, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಹತ್ತಿಯ ಹೊಲಗಳ, ಬ್ಲೂಸ್ ಸಂಗೀತದ ನಾಡು ಅದು. ತಂದೆ ಚಾರ್ಲ್ಸ್ ಕುಕ್ ಕ್ರೈಸ್ತ ಧರ್ಮಬೋಧಕ. ಎಂಟು ಮಕ್ಕಳ ಈ ಕುಟುಂಬ, ದಕ್ಷಿಣದ ಬಡತನ ಹಾಗೂ ವರ್ಣಭೇದದಿಂದ ಪಾರಾಗಲು ಉತ್ತರದ ನಗರಗಳಿಗೆ ವಲಸೆ ಹೋದ ಲಕ್ಷಾಂತರ ಕಪ್ಪು ಜನರಂತೆ, 1933ರಲ್ಲಿ ಷಿಕಾಗೊ ಸೇರಿತು. ಮನೆಯ ಮಕ್ಕಳೇ ಒಂದು ತಂಡ ಕಟ್ಟಿಕೊಂಡು ಚರ್ಚುಗಳಲ್ಲಿ ಹಾಡುತ್ತಿದ್ದರು. ಹದಿಹರೆಯದಲ್ಲಿ ಸ್ಯಾಮ್ ‘ಹೈವೇ ಕ್ಯೂಸೀಸ್’ ಎಂಬ ತರುಣರ ತಂಡದ ಗಾಯಕನಾದ.

1950ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆತನಿಗೆ ಒಲಿದುಬಂದ ಅವಕಾಶ ಅಸಾಮಾನ್ಯವಾದುದು. ‘ಸೋಲ್ ಸ್ಟಿರರ್ಸ್’ ಅಂದಿನ ಗಾಸ್ಪೆಲ್ ತಂಡಗಳಲ್ಲೇ ಅಗ್ರಗಣ್ಯ. ಅದರ ಮುಖ್ಯ ಗಾಯಕ ಆರ್.ಎಚ್. ಹ್ಯಾರಿಸ್ ತಂಡ ತೊರೆದಾಗ ಆ ಸ್ಥಾನಕ್ಕೆ ಬಂದವನು ಈ ಹುಡುಗ. ಗಾಸ್ಪೆಲ್ ಎಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಸಂಗೀತ. ನಮ್ಮ ಭಜನೆಗಳಲ್ಲಿರುವಂತೆ ಒಬ್ಬ ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದು ಮುಂದುವರಿಸುವುದು ಅದರ ಕ್ರಮ. ಆವೇಶ ಏರಿದಂತೆ ಸಭೆಯೇ ಎದ್ದು ನಿಲ್ಲುತ್ತದೆ, ಕೆಲವರು ಮೂರ್ಛೆ ಹೋಗುವುದೂ ಉಂಟು. ಆ ಕಾಲದ ಗಾಸ್ಪೆಲ್ ಗಾಯಕರು ಗಂಟಲು ಹರಿಯುವಂತೆ ಕೂಗಿ ಹಾಡುತ್ತಿದ್ದರು. ಕುಕ್ ಕೂಗಲಿಲ್ಲ. ತಂಡದ ಇನ್ನೊಬ್ಬ ಗಾಯಕ ಪಾಲ್ ಫಾಸ್ಟರ್ ಗುಡುಗಿದರೆ ಈತ ತೇಲುತ್ತಿದ್ದ. ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಹಗುರವಾಗಿ ಜಾರಿಸುವ ಆತನ ಶೈಲಿಯನ್ನು ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಗಮಕಕ್ಕೆ ಸಮೀಪವಾದುದು ಎನ್ನಬಹುದು. ರೂಪವಂತನೂ ಆಗಿದ್ದುದರಿಂದ, ಹಿರಿಯರಷ್ಟೇ ಬರುತ್ತಿದ್ದ ಗಾಸ್ಪೆಲ್ ಸಭೆಗಳ ಮುಂದಿನ ಸಾಲುಗಳಲ್ಲಿ ತರುಣಿಯರೂ ಕಾಣಿಸಿಕೊಳ್ಳತೊಡಗಿದರು.

ಚರ್ಚ್ ಬಿಟ್ಟು ಹೊರಗೆ

ಇಷ್ಟಕ್ಕೂ ಗಾಸ್ಪೆಲ್ ಗಾಯಕನೊಬ್ಬ ಪ್ರೇಮಗೀತೆ ಹಾಡಿದರೆ ಆಗುವ ನಷ್ಟವಾದರೂ ಏನು? ಇಂದಿನ ಓದುಗರಿಗೆ ಈ ಪ್ರಶ್ನೆ ಸಹಜ. ಅಂದು ಅದು ಧರ್ಮದ್ರೋಹಕ್ಕೆ ಸಮಾನವೆಂದು ಪರಿಗಣಿತವಾಗಿತ್ತು. ದೇವರು ಕೊಟ್ಟ ಕಂಠವನ್ನು ಪಾನಗೃಹಗಳ ಸಂಗೀತಕ್ಕೆ ಬಳಸಿದವನನ್ನು ಭಕ್ತರು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪಾಪ್‌ನಲ್ಲಿ ಸೋತರೆ ಹಿಂತಿರುಗಲು ಮನೆಯೇ ಇಲ್ಲದಂತಾಗುತ್ತಿತ್ತು.

ಹೀಗಾಗಿ ಕುಕ್ ಮೊದಲು ಹೆಸರು ಮರೆಸಿದ. 1956ರ ಕೊನೆಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಧ್ವನಿಮುದ್ರಿಸಿದ ‘ಲವಬಲ್’ ಹೊರಬಂದದ್ದು ‘ಡೇಲ್ ಕುಕ್’ ಎಂಬ ಹೆಸರಿನಲ್ಲಿ. ಭಕ್ತಿಗೀತೆಯೊಂದರ ಸಾಹಿತ್ಯವನ್ನು ಪ್ರೇಮಗೀತೆಯಾಗಿ ಬದಲಿಸಿದ್ದಷ್ಟೇ ಅದರ ಹೊಸತನ. ಹೆಸರು ಮರೆಸಬಹುದು, ಕಂಠವನ್ನು ಮರೆಸಲಾದೀತೆ? ಯಾರೂ ಮೋಸಹೋಗಲಿಲ್ಲ.

1957ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಘಟನೆ ಕುಕ್‌ನ ಬದುಕಿನ ದಿಕ್ಕನ್ನೇ ಬದಲಿಸಿತು. ಆತನ ಒಪ್ಪಂದವಿದ್ದುದು ಆರ್ಟ್ ರೂಪ್ ಒಡೆತನದ ‘ಸ್ಪೆಷಾಲ್ಟಿ ರೆಕಾರ್ಡ್ಸ್’ ಜೊತೆ. ಲಿಟಲ್ ರಿಚರ್ಡ್‌ನ ಅಬ್ಬರದ ಹಾಡುಗಳಿಂದ ಹಣ ಕಂಡಿದ್ದ ಕಂಪೆನಿ ಅದು. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಬಿಳಿಯ ಹಿನ್ನೆಲೆ ಗಾಯಕರನ್ನು ಕೂರಿಸಿಕೊಂಡು ಕುಕ್‌ನಿಂದ ಮೃದುವಾದ ಪಾಪ್ ಹಾಡುಗಳನ್ನು ಹಾಡಿಸುತ್ತಿದ್ದುದನ್ನು ಕಂಡು ರೂಪ್ ಕೆಂಡಾಮಂಡಲನಾದ. ಇಂಥದ್ದನ್ನು ಕೇಳುವವರು ಯಾರು ಎಂಬುದು ಆತನ ವಾದ. ಜಗಳ ಮುಗಿದದ್ದು ವಿಚಿತ್ರ ರಾಜಿಯಲ್ಲಿ. ಬ್ಲ್ಯಾಕ್‌ವೆಲ್ ತನಗೆ ಬರಬೇಕಿದ್ದ ರಾಯಧನವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಆ ಟೇಪುಗಳನ್ನೂ ಕುಕ್‌ನನ್ನೂ ಕರೆದುಕೊಂಡು ಹೊರನಡೆದ.

ಆ ಟೇಪಿನಲ್ಲಿದ್ದುದೇ ‘ಯು ಸೆಂಡ್ ಮಿ’. ಹೊಸದಾಗಿ ಹುಟ್ಟಿದ್ದ ‘ಕೀನ್’ ಎಂಬ ಪುಟ್ಟ ಕಂಪೆನಿ ಅದನ್ನು ಹೊರತಂದಿತು. ವರ್ಷಾಂತ್ಯದ ವೇಳೆಗೆ ಅದು ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿ ಹಾಗೂ ರಿದಮ್ ಅಂಡ್ ಬ್ಲೂಸ್ ಪಟ್ಟಿ ಎರಡರಲ್ಲೂ ಪ್ರಥಮ ಸ್ಥಾನದಲ್ಲಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಈ ‘ಎರಡೂ ಪಟ್ಟಿ’ ಎಂಬ ಮಾತಿನ ತೂಕವನ್ನು ಗಮನಿಸಬೇಕು. ಅಂದು ಅಮೆರಿಕದ ಸಂಗೀತದ ಮಾರುಕಟ್ಟೆಯೂ ವರ್ಣದ ಗೆರೆಯ ಮೇಲೆ ಇಬ್ಭಾಗವಾಗಿತ್ತು. ಕಪ್ಪು ಗಾಯಕನ ಹಾಡು ಜನಪ್ರಿಯವಾದೊಡನೆ ಬಿಳಿಯ ಗಾಯಕರೊಬ್ಬರಿಂದ ಅದನ್ನೇ ಹಾಡಿಸಿ ಬಿಳಿಯರ ರೇಡಿಯೊಗಳಿಗೆ ಕೊಡುವುದು ವಾಡಿಕೆ. ಲಿಟಲ್ ರಿಚರ್ಡ್‌ನ ‘ಟೂಟಿ ಫ್ರೂಟಿ’ಯನ್ನು ಪ್ಯಾಟ್ ಬೂನ್ ಹಾಡಿ, ಪಾಪ್ ಪಟ್ಟಿಯಲ್ಲಿ ಮೂಲ ಗಾಯಕನಿಗಿಂತ ಮೇಲೇರಿದ್ದು ಇದಕ್ಕೆ ನಿದರ್ಶನ. ಕುಕ್‌ನ ಹಾಡನ್ನೂ ಥೆರೇಸಾ ಬ್ರೂವರ್ ಹಾಡಿದರು, ಅದೂ ಮೊದಲ ಹತ್ತರೊಳಗೆ ಬಂತು. ಈ ಬಾರಿ ಗೆದ್ದದ್ದು ಮಾತ್ರ ಮೂಲ ಗಾಯಕ.

ಇದೇ ಸಮಯದಲ್ಲಿ ಆತ ತನ್ನ ಹೆಸರಿನ ಇಂಗ್ಲಿಷ್ ಕಾಗುಣಿತದ ಕೊನೆಗೆ ‘ಇ’ ಅಕ್ಷರ ಸೇರಿಸಿಕೊಂಡ. ನವೆಂಬರ್ 3ರಂದು ದೇಶವಿಡೀ ನೋಡುತ್ತಿದ್ದ ಎಡ್ ಸಲಿವನ್ ಟಿ.ವಿ. ಕಾರ್ಯಕ್ರಮದಲ್ಲಿ ಕುಕ್ ಹಾಡಲು ತೊಡಗಿದೊಡನೆ ಸಮಯ ಮುಗಿದು ಪ್ರಸಾರವೇ ಕಡಿದುಹೋಯಿತು. ವೀಕ್ಷಕರ ದೂರುಗಳ ಮಳೆ ಸುರಿದ ಪರಿಣಾಮ ಡಿಸೆಂಬರ್ 1ರಂದು ಆತನನ್ನು ಮತ್ತೆ ಕರೆಸಲಾಯಿತು.

ಹಕ್ಕಿನ ಲೆಕ್ಕಾಚಾರ

‘ಯು ಸೆಂಡ್ ಮಿ’ ತಟ್ಟೆಯ ಮೇಲೆ ರಚನಕಾರನ ಸ್ಥಾನದಲ್ಲಿ ಅಚ್ಚಾಗಿದ್ದುದು ಸ್ಯಾಮ್ ಹೆಸರಲ್ಲ, ತಮ್ಮ ಎಲ್.ಸಿ.ಯದು. ಹಾಡು ಸ್ಯಾಮ್‌ನದೇ. ಆದರೆ ತನ್ನ ಹೆಸರು ಹಾಕಿದರೆ ಹಳೆಯ ಒಪ್ಪಂದದ ಬಲದಿಂದ ರೂಪ್ ಪ್ರಕಾಶನ ಹಕ್ಕು ಕೇಳಿಯಾನು ಎಂಬ ಎಚ್ಚರಿಕೆ. ಮುಂದೆ 1960ರಲ್ಲಿ ಹೊರಬಂದ ‘ವಂಡರ್‌ಫುಲ್ ವರ್ಲ್ಡ್’ ಹಾಡಿಗೂ ಆತ, ಲೂ ಆಡ್ಲರ್ ಮತ್ತು ಹರ್ಬ್ ಆಲ್ಪರ್ಟ್ ಸೇರಿ ಬರೆದಿದ್ದರೂ, ರಚನಕಾರರೆಂದು ಅಚ್ಚಾದ ಹೆಸರು ಬಾರ್ಬರಾ ಕ್ಯಾಂಪ್‌ಬೆಲ್. ಅದು ಕುಕ್‌ನ ಪತ್ನಿಯ ತವರಿನ ಹೆಸರು!

ಇಲ್ಲಿ ಹಕ್ಕುಗಳ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಒಂದು ಹಾಡಿನಲ್ಲಿ ಎರಡು ಬಗೆಯ ಆಸ್ತಿ ಅಡಗಿರುತ್ತದೆ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು. ಅದನ್ನು ನೋಡಿಕೊಳ್ಳುವುದು ಪ್ರಕಾಶನ ಸಂಸ್ಥೆ. ಯಾರೇ ಆ ಹಾಡನ್ನು ಹಾಡಿ ಮಾರಲಿ, ರೇಡಿಯೊದಲ್ಲಿ ಬರಲಿ, ಪ್ರಕಾಶಕರಿಗೂ ರಚನಕಾರರಿಗೂ ಪಾಲು ಸಲ್ಲುತ್ತದೆ. ಎರಡನೆಯದು ನಿರ್ದಿಷ್ಟ ಗಾಯನದ ಧ್ವನಿಮುದ್ರಿಕೆ, ಅಂದರೆ ಮಾಸ್ಟರ್ ಟೇಪು. ಇದು ಸಾಮಾನ್ಯವಾಗಿ ರೆಕಾರ್ಡ್ ಕಂಪೆನಿಯ ಸ್ವತ್ತು. ಗಾಯಕ ಮುದುಕನಾಗಿ ಕಂಠ ಕೈಕೊಟ್ಟ ಮೇಲೂ ಹಣ ತರುವುದು ಇವೆರಡೇ. ಹೆಚ್ಚಿನ ಕಪ್ಪು ಗಾಯಕರಿಗೆ ಇವೆರಡೂ ದಕ್ಕುತ್ತಿರಲಿಲ್ಲ.

ಗಾಸ್ಪೆಲ್ ಲೋಕದ ಹಿರಿಯ ಗೆಳೆಯ ಜೆ.ಡಬ್ಲ್ಯು. ಅಲೆಕ್ಸಾಂಡರ್ ಈ ಗುಟ್ಟನ್ನು ಬಲ್ಲವನಾಗಿದ್ದ. ಆತನೊಡನೆ ಸೇರಿ ಕುಕ್ ‘ಕ್ಯಾಗ್ಸ್ ಮ್ಯೂಸಿಕ್’ ಎಂಬ ಪ್ರಕಾಶನ ಸಂಸ್ಥೆ ನಡೆಸಿದ; ಬಳಿಕ ‘ಎಸ್‌ಎಆರ್ ರೆಕಾರ್ಡ್ಸ್’ ಹುಟ್ಟಿಕೊಂಡಿತು. ರಾಯಧನದ ವಿಷಯದಲ್ಲಿ ಕೀನ್ ಕಂಪೆನಿಯೊಂದಿಗೂ ಮನಸ್ತಾಪವಾಗಿ, 1960ರಲ್ಲಿ ಕುಕ್ ಸ್ವತಃ ಆರ್‌ಸಿಎ ವಿಕ್ಟರ್ ಎಂಬ ದೈತ್ಯ ಕಂಪೆನಿ ಸೇರಿದ. ತನ್ನ ಸ್ವಂತ ಕಂಪೆನಿಯಲ್ಲಿ ಆತ ಬೆಳೆಸಿದ್ದು ಇತರರನ್ನು. ತನ್ನ ಹಳೆಯ ಸೋಲ್ ಸ್ಟಿರರ್ಸ್ ತಂಡ, ಜಾನಿ ಟೇಲರ್, ಬಾಬಿ ವೊಮ್ಯಾಕ್ ಮತ್ತು ಸೋದರರ ‘ವ್ಯಾಲೆಂಟಿನೋಸ್’ ಎಲ್ಲರೂ ಅಲ್ಲಿದ್ದರು.

ಪ್ರಕಾಶನ ಹಕ್ಕಿನ ಮಹಿಮೆ ವೊಮ್ಯಾಕ್‌ಗೆ ಅರ್ಥವಾದ ಬಗೆ ಸ್ವಾರಸ್ಯಕರವಾಗಿದೆ. ವ್ಯಾಲೆಂಟಿನೋಸ್ ತಂಡದ ‘ಇಟ್ಸ್ ಆಲ್ ಓವರ್ ನೌ’ ಹಾಡನ್ನು 1964ರಲ್ಲಿ ಇಂಗ್ಲೆಂಡಿನ ಹುಡುಗರ ತಂಡವೊಂದು ಹಾಡಲು ಮುಂದಾದಾಗ ಆತ ಸಿಡಿಮಿಡಿಗೊಂಡ. ಅವರಿಗೆ ಬೇಕಾದರೆ ತಮ್ಮದೇ ಹಾಡು ಬರೆದುಕೊಳ್ಳಲಿ ಎಂಬುದು ಆತನ ನಿಲುವು. ಕುಕ್ ಸಮಾಧಾನ ಹೇಳಿದ. ಆ ತಂಡ ರೋಲಿಂಗ್ ಸ್ಟೋನ್ಸ್. ಬ್ರಿಟನ್ನಿನಲ್ಲಿ ಅವರಿಗೆ ಮೊತ್ತಮೊದಲ ಬಾರಿ ಪ್ರಥಮ ಸ್ಥಾನ ತಂದುಕೊಟ್ಟದ್ದೇ ಈ ಹಾಡು. ಕೆಲವು ತಿಂಗಳ ನಂತರ ರಾಯಧನದ ಚೆಕ್ ಕೈಸೇರಿದಾಗ ವೊಮ್ಯಾಕ್‌ನ ಸಿಟ್ಟು ಇಳಿದಿತ್ತು.

ಇಬ್ಬರು ಕುಕ್‌ಗಳು

ಆರ್‌ಸಿಎ ಕಂಪೆನಿಯಲ್ಲಿ ಹಿಟ್ ಹಾಡುಗಳ ಸಾಲೇ ಬಂತು. ‘ಚೈನ್ ಗ್ಯಾಂಗ್’, ‘ಕ್ಯುಪಿಡ್’, ‘ಟ್ವಿಸ್ಟಿನ್ ದ ನೈಟ್ ಅವೇ’ ಇತ್ಯಾದಿ. ಇವುಗಳಲ್ಲಿ ಕೆಲವು ತೀರಾ ಸಪ್ಪೆಯಾದ ತಂತಿವಾದ್ಯಗಳ ಮೇಳದಲ್ಲಿ ಮುಳುಗಿವೆ ಎಂಬುದನ್ನು ಒಪ್ಪಲೇಬೇಕು. ಬಿಳಿಯ ಶ್ರೋತೃಗಳಿಗೆ ಇಷ್ಟವಾಗುವಂತೆ ಅಂಚುಗಳನ್ನೆಲ್ಲ ಉಜ್ಜಿ ನಯಗೊಳಿಸಿದ ಗಾಯನ ಅದು.

ಇನ್ನೊಬ್ಬ ಕುಕ್ ಇದ್ದುದು ಕಪ್ಪು ಜನರ ಕ್ಲಬ್ಬುಗಳಲ್ಲಿ. 1963ರ ಜನವರಿ 12ರಂದು ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಆತ ನೀಡಿದ ಕಛೇರಿಯನ್ನು ಆರ್‌ಸಿಎ ಧ್ವನಿಮುದ್ರಿಸಿಕೊಂಡಿತು. ಕಂಠ ಒರಟಾಗಿದೆ, ಬೆವರು ಕಿವಿಗೆ ಕೇಳಿಸುವಂತಿದೆ, ಸಭಿಕರು ಸಾಲುಸಾಲಿಗೂ ಉತ್ತರ ಕೊಡುತ್ತಾರೆ. ಚರ್ಚ್ ಬಿಟ್ಟುಬಂದ ಗಾಯಕ ಇಲ್ಲಿ ಕ್ಲಬ್ಬನ್ನೇ ಚರ್ಚ್ ಮಾಡಿದ್ದಾನೆ. ಸೋಲ್ ಸಂಗೀತ ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಸಿಗದು: ಗಾಸ್ಪೆಲ್ಲಿನ ಆವೇಶ, ಲೌಕಿಕದ ವಸ್ತು. ಕಂಪೆನಿಗೆ ಇದು ತೀರಾ ಒರಟೆನಿಸಿತು. ಕುಕ್‌ನ ನಯವಾದ ಚಿತ್ರಕ್ಕೆ ಧಕ್ಕೆಯಾದೀತೆಂದು ಟೇಪನ್ನು ಕಪಾಟಿನಲ್ಲಿಟ್ಟಿತು. ಮರುವರ್ಷ ಬಿಡುಗಡೆ ಮಾಡಿದ್ದು ನ್ಯೂಯಾರ್ಕಿನ ಸಿರಿವಂತರ ಕೋಪಕಬಾನಾ ಕ್ಲಬ್ಬಿನ ಕಛೇರಿಯನ್ನು. ಅಲ್ಲಿ 1958ರಲ್ಲಿ ಒಮ್ಮೆ ಸೋತಿದ್ದ ಕುಕ್‌ಗೆ 1964ರ ಗೆಲುವು ದೊಡ್ಡದೇ. ಆದರೂ ಎರಡನ್ನೂ ಅಕ್ಕಪಕ್ಕ ಕೇಳಿದವರಿಗೆ ಕಪಾಟು ಸೇರಿದ ನಷ್ಟ ಎಷ್ಟೆಂಬುದು ತಿಳಿಯುತ್ತದೆ.

ನಯದ ಹಿಂದೆ ಹಟವೂ ಇತ್ತು. 1961ರಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಪ್ರೇಕ್ಷಕರನ್ನು ಬೇರೆಯೇ ಕೂರಿಸಲಾಗುತ್ತದೆ ಎಂದು ತಿಳಿದಾಗ ಆತ, ಸಹಗಾಯಕ ಕ್ಲೈಡ್ ಮ್ಯಾಕ್‌ಫ್ಯಾಟರ್ ಜೊತೆ, ಹಾಡಲು ನಿರಾಕರಿಸಿದ.

ಕೋಣೆ ಇಲ್ಲವೆಂದ ಹೋಟೆಲು

1963ರ ಬೇಸಿಗೆಯಲ್ಲಿ ಕುಕ್ ದಂಪತಿಯ ಗಂಡುಮಗು ವಿನ್ಸೆಂಟ್ ಮನೆಯ ಈಜುಕೊಳದಲ್ಲಿ ಮುಳುಗಿ ಅಸುನೀಗಿತು. ಒಂದೂವರೆ ವರ್ಷದ ಕೂಸು. ಆ ಪೆಟ್ಟಿನಿಂದ ಕುಕ್ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ ಎನ್ನುತ್ತಾರೆ ಬಲ್ಲವರು.

ಅದೇ ಅಕ್ಟೋಬರ್ 8ರಂದು ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ, ಮೊದಲೇ ಕೋಣೆ ಕಾದಿರಿಸಿದ್ದರೂ, ‘ಹಾಲಿಡೇ ಇನ್’ ಹೋಟೆಲಿನವರು ಕೋಣೆ ಖಾಲಿ ಇಲ್ಲ ಎಂದುಬಿಟ್ಟರು. ಎದುರು ನಿಂತಿದ್ದವನು ದೇಶದ ಪ್ರಖ್ಯಾತ ಗಾಯಕ. ಆದರೆ ಕಪ್ಪು ಮನುಷ್ಯ. ಕುಕ್ ಕೂಗಾಡಿದ. ಇಲ್ಲಿ ನಿಂತರೆ ಕೊಂದೇಬಿಡುತ್ತಾರೆ ಎಂದು ಪತ್ನಿ ಬಾರ್ಬರಾ ಬೇಡಿಕೊಂಡರೂ ಕೇಳಲಿಲ್ಲ. ಕೊನೆಗೆ ಕಾರಿನ ಹಾರ್ನ್ ಬಾರಿಸುತ್ತಾ ಕಪ್ಪು ಜನರ ಹೋಟೆಲಿಗೆ ತೆರಳಿದರೆ ಅಲ್ಲಿ ಪೊಲೀಸರು ಕಾದಿದ್ದರು. ಶಾಂತಿಭಂಗದ ಆರೋಪದ ಮೇಲೆ ಬಂಧನವಾಯಿತು.

ಆಗ ಬಾಬ್ ಡೈಲನ್‌ನ ‘ಬ್ಲೋಯಿಂಗ್ ಇನ್ ದ ವಿಂಡ್’ ಕುಕ್‌ನನ್ನು ಕಾಡುತ್ತಿತ್ತು. ತನ್ನ ಜನರ ನೋವಿನ ಹಾಡನ್ನು ಬಿಳಿಯ ಹುಡುಗನೊಬ್ಬ ಬರೆದನಲ್ಲ, ತಾನೇಕೆ ಬರೆಯಲಿಲ್ಲ ಎಂಬ ಲಜ್ಜೆ. ಇವೆಲ್ಲದರ ಫಲವೇ ‘ಎ ಚೇಂಜ್ ಈಸ್ ಗೊನ್ನಾ ಕಮ್’. 1964ರ ಜನವರಿ 30ರಂದು ಹಾಲಿವುಡ್‌ನಲ್ಲಿ ಧ್ವನಿಮುದ್ರಣ ನಡೆಯಿತು. ವಾದ್ಯಸಂಯೋಜಕ ರೆನೆ ಹಾಲ್‌ಗೆ ಕುಕ್ ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದ. ಒಂದು ಚರಣವನ್ನು ತಂತಿವಾದ್ಯಗಳು ಹೊತ್ತರೆ ಇನ್ನೊಂದನ್ನು ಕೊಂಬುವಾದ್ಯಗಳು, ನಡುವೆ ದೊಡ್ಡ ನಗಾರಿಯ ಸದ್ದು. ಚಲನಚಿತ್ರದ ಸಂಗೀತವನ್ನು ನೆನಪಿಸುವ ಗಾಂಭೀರ್ಯ. ಫೆಬ್ರುವರಿ 7ರಂದು ಕುಕ್ ಇದನ್ನು ಎನ್‌ಬಿಸಿಯ ‘ಟುನೈಟ್ ಶೋ’ದಲ್ಲಿ ಹಾಡಿದ. ಎರಡೇ ದಿನಗಳ ನಂತರ ಬೀಟಲ್ಸ್ ತಂಡ ಎಡ್ ಸಲಿವನ್ ಕಾರ್ಯಕ್ರಮಕ್ಕೆ ಬಂತು, ದೇಶದ ಕಿವಿಯೆಲ್ಲ ಅತ್ತ ತಿರುಗಿತು. ಕುಕ್‌ನ ಆ ಪ್ರಸಾರದ ಟೇಪನ್ನು ವಾಹಿನಿ ಉಳಿಸಿಕೊಳ್ಳಲಿಲ್ಲ.

ಅದೇ ಫೆಬ್ರುವರಿ 25ರಂದು ಮಯಾಮಿಯಲ್ಲಿ ಕ್ಯಾಸಿಯಸ್ ಕ್ಲೇ (ಮುಂದೆ ಮಹಮ್ಮದ್ ಅಲಿ) ಸೋನಿ ಲಿಸ್ಟನ್‌ನನ್ನು ಮಣಿಸಿದಾಗ ಕುಕ್ ಅಲ್ಲಿದ್ದ. ಆ ರಾತ್ರಿ ಕ್ಲೇ, ಕುಕ್, ಮಾಲ್ಕಮ್ ಎಕ್ಸ್ ಹಾಗೂ ಫುಟ್‌ಬಾಲ್ ಆಟಗಾರ ಜಿಮ್ ಬ್ರೌನ್ ಒಂದೆಡೆ ಸೇರಿದ್ದನ್ನು ಕಲ್ಪನೆಯಲ್ಲಿ ಬೆಳೆಸಿ 2020ರಲ್ಲಿ ‘ಒನ್ ನೈಟ್ ಇನ್ ಮಯಾಮಿ’ ಚಿತ್ರ ತಯಾರಾಯಿತು.

ಲೆಕ್ಕ ನೋಡಲು ಬಂದವನು

ಅಲೆನ್ ಕ್ಲೈನ್ ವೃತ್ತಿಯಿಂದ ಲೆಕ್ಕಿಗ. ರೆಕಾರ್ಡ್ ಕಂಪೆನಿಗಳ ಪುಸ್ತಕ ಜಾಲಾಡಿ ಗಾಯಕರಿಗೆ ಸಲ್ಲದ ಹಣವನ್ನು ಹೊರಗೆಳೆಯುವುದರಲ್ಲಿ ನಿಸ್ಸೀಮ. 1963ರಲ್ಲಿ ಕುಕ್ ಆತನನ್ನು ನೇಮಿಸಿಕೊಂಡ. ಆರ್‌ಸಿಎ ಲೆಕ್ಕ ಪರಿಶೀಲಿಸಿದ ಕ್ಲೈನ್, ಬಾಕಿ ವಸೂಲು ಮಾಡಿದ್ದಲ್ಲದೆ ಅಂದಿನ ಮಟ್ಟಿಗೆ ಅಭೂತಪೂರ್ವವಾದ ಒಪ್ಪಂದವನ್ನೂ ಮಾಡಿಸಿದ. ಕುಕ್‌ನ ಮಗಳ ಹೆಸರಿನ ‘ಟ್ರೇಸಿ ಲಿಮಿಟೆಡ್’ ಸಂಸ್ಥೆ ಧ್ವನಿಮುದ್ರಿಕೆಗಳ ಒಡೆಯ. ಆರ್‌ಸಿಎಗೆ ವಿತರಣೆಯ ಹಕ್ಕು ಮಾತ್ರ. ಮಾಸ್ಟರ್ ಟೇಪು ಕೊನೆಗೂ ಕಂಪೆನಿಯ ಕೈಯಿಂದ ತಪ್ಪಿತು.

ಆದರೆ ಟ್ರೇಸಿ ಸಂಸ್ಥೆಯ ಮಾಲೀಕ ಕುಕ್ ಆಗಿರಲಿಲ್ಲ. ಕ್ಲೈನ್ ಆಗಿದ್ದ. ತೆರಿಗೆ ಉಳಿತಾಯದ ಕಾರಣದಿಂದ ಮುಂಗಡ 1 ಲಕ್ಷ ಡಾಲರಿನ ಬದಲು ಕುಕ್‌ಗೆ ಆ ಸಂಸ್ಥೆಯ ಆದ್ಯತಾ ಷೇರುಗಳು ದೊರೆತವು. ಈ ಏರ್ಪಾಟಿನ ಪೂರ್ಣ ಅರ್ಥ ಕುಕ್‌ಗೆ ತಿಳಿದಿತ್ತೇ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಕೊನೆಯ ದಿನಗಳಲ್ಲಿ ಕ್ಲೈನ್‌ನನ್ನು ಕೈಬಿಡುವ ಯೋಚನೆಯಲ್ಲಿದ್ದ ಎಂದು ಆಪ್ತರಲ್ಲಿ ಕೆಲವರು ಹೇಳಿದ್ದುಂಟು. ಹಾಗೆ ಮಾಡಲು ಸಮಯ ಉಳಿಯಲಿಲ್ಲ.

1964ರ ಡಿಸೆಂಬರ್ 11ರ ನಸುಕಿನಲ್ಲಿ ಲಾಸ್ ಏಂಜಲೀಸ್‌ನ ಅಗ್ಗದ ಮೋಟೆಲೊಂದರ ವ್ಯವಸ್ಥಾಪಕಿ ಹಾರಿಸಿದ ಗುಂಡಿಗೆ ಕುಕ್ ಬಲಿಯಾದ. ಜೊತೆಯಲ್ಲಿ ಬಂದಿದ್ದ ತರುಣಿ ಆತನ ಬಟ್ಟೆಗಳೊಂದಿಗೆ ಪರಾರಿಯಾಗಿದ್ದಳು. ಆಕೆಯನ್ನು ಹುಡುಕಿಕೊಂಡು ಅರೆನಗ್ನನಾಗಿ ಬಂದ ಕುಕ್ ತನ್ನ ಮೇಲೆ ಬಿದ್ದನೆಂದೂ, ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆನೆಂದೂ ವ್ಯವಸ್ಥಾಪಕಿ ಹೇಳಿದಳು. ಮರಣ ವಿಚಾರಣೆ ಬೇಗನೆ ಮುಗಿಯಿತು, ಜ್ಯೂರಿ ಆಕೆಯ ಮಾತನ್ನು ಒಪ್ಪಿತು. ಕುಟುಂಬದವರಾಗಲಿ ಗೆಳೆಯರಾಗಲಿ ಇದನ್ನು ನಂಬಲಿಲ್ಲ. ಪಿತೂರಿಯ ಕಥೆಗಳು ಹಲವು ಹುಟ್ಟಿಕೊಂಡವು, ಯಾವುದೂ ಸಾಬೀತಾಗಿಲ್ಲ. ಷಿಕಾಗೊ ಹಾಗೂ ಲಾಸ್ ಏಂಜಲೀಸ್‌ಗಳಲ್ಲಿ ನಡೆದ ಅಂತಿಮ ದರ್ಶನಕ್ಕೆ ಜನಸಾಗರವೇ ಹರಿದುಬಂತು. ಲಾಸ್ ಏಂಜಲೀಸ್‌ನಲ್ಲಿ ರೇ ಚಾರ್ಲ್ಸ್ ಹಾಡಿದ.

ಸಾವಿನ ಕೆಲವೇ ದಿನಗಳ ನಂತರ, ಡಿಸೆಂಬರ್ 22ರಂದು, ‘ಎ ಚೇಂಜ್’ ಬಿಡಿ ತಟ್ಟೆಯಾಗಿ ಬಂತು. ಅದೂ ‘ಶೇಕ್’ ಎಂಬ ಕುಣಿತದ ಹಾಡಿನ ಹಿಂಬದಿಯಲ್ಲಿ, ವರ್ಣಭೇದವನ್ನು ನೇರವಾಗಿ ಹೇಳುವ ಚರಣವೊಂದನ್ನು ಕತ್ತರಿಸಿ. ಎಸ್‌ಎಆರ್ ಕಂಪೆನಿ ಮುಚ್ಚಿತು. ಕುಕ್‌ನ ಪತ್ನಿಯ ಪಾಲಿನ ಹಕ್ಕುಗಳನ್ನು ಕ್ಲೈನ್ ಖರೀದಿಸಿದ. ಮುಂದೆ ರೋಲಿಂಗ್ ಸ್ಟೋನ್ಸ್ ಹಾಗೂ ಬೀಟಲ್ಸ್ ತಂಡಗಳ ವ್ಯವಹಾರ ನೋಡಿಕೊಂಡು ಜಗತ್ಪ್ರಸಿದ್ಧನೂ ಕುಪ್ರಸಿದ್ಧನೂ ಆದ ಆತ 2009ರಲ್ಲಿ ನಿಧನನಾದ. ಕುಕ್‌ನ ಹಾಡುಗಳು ಇರುವುದು ಆತ ಸ್ಥಾಪಿಸಿದ ‘ಆಬ್ಕೋ’ ಸಂಸ್ಥೆಯ ವಶದಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ, ಹಳೆಯ ಟೇಪುಗಳನ್ನು ಶುದ್ಧಗೊಳಿಸಿ ಮರುಬಿಡುಗಡೆ ಮಾಡುವ ಕೆಲಸವನ್ನು ಆ ಸಂಸ್ಥೆ ಅಚ್ಚುಕಟ್ಟಾಗಿಯೇ ಮಾಡಿದೆ. 2019ರ ಸಾಕ್ಷ್ಯಚಿತ್ರವೊಂದರ ಶೀರ್ಷಿಕೆ ಮಾತ್ರ ‘ಸ್ಯಾಮ್ ಕುಕ್‌ನ ಎರಡು ಕೊಲೆಗಳು’ ಎಂಬರ್ಥದ್ದು.

ಹಾಡುಗಳಂತೂ ತಮ್ಮ ದಾರಿ ತಾವು ಕಂಡುಕೊಂಡವು. ಓಟಿಸ್ ರೆಡ್ಡಿಂಗ್ 1965ರ ಒಂದೇ ಆಲ್ಬಮ್ಮಿನಲ್ಲಿ ಕುಕ್‌ನ ಮೂರು ಹಾಡುಗಳನ್ನು ಹಾಡಿದ. ಕುಕ್‌ನನ್ನು ನೋಡಿಯೇ ಚರ್ಚಿನಿಂದ ಪಾಪ್‌ಗೆ ಬಂದ ಅರೀತಾ ಫ್ರಾಂಕ್ಲಿನ್ 1967ರಲ್ಲಿ ‘ಎ ಚೇಂಜ್’ ಹಾಡಿದರು. ಮಯಾಮಿಯ ಆ ‘ಒರಟು’ ಟೇಪು 22 ವರ್ಷಗಳ ಬಳಿಕ, 1985ರಲ್ಲಿ ಕಪಾಟಿನಿಂದ ಹೊರಬಂತು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಮೊದಲ ತಂಡದಲ್ಲೇ ಕುಕ್ ಹೆಸರಿತ್ತು. 2009ರ ಜನವರಿಯಲ್ಲಿ, ಬರಾಕ್ ಒಬಾಮ ಅಧಿಕಾರ ಸ್ವೀಕರಿಸುವ ಎರಡು ದಿನ ಮುನ್ನ, ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದೆದುರು ಬೆಟ್ಟಿ ಲವೆಟ್ ಹಾಗೂ ಜಾನ್ ಬಾನ್ ಜೋವಿ ಇದೇ ಹಾಡನ್ನು ಹಾಡಿದರು.

2019ರ ಜೂನ್‌ನಲ್ಲಿ ಶ್ರೀವ್‌ಪೋರ್ಟ್‌ನ ಮೇಯರ್ ಏಡ್ರಿಯನ್ ಪರ್ಕಿನ್ಸ್ 1963ರ ಬಂಧನಕ್ಕಾಗಿ ಕುಕ್‌ನ ಕುಟುಂಬದ ಕ್ಷಮೆ ಕೋರಿ, ಮರಣೋತ್ತರವಾಗಿ ನಗರದ ಕೀಲಿಕೈಯ ಗೌರವ ಅರ್ಪಿಸಿದರು. ಹೋಟೆಲಿನಲ್ಲಿ ಕೋಣೆ ಇಲ್ಲವೆಂದು ಹೇಳಿ ಹೆಚ್ಚುಕಡಿಮೆ 56 ವರ್ಷಗಳಾಗಿದ್ದವು.